ಕಾಕಿಯ ಒಲೆಯ ಆರು ಆಂಪಿಯರ್

ಕಾದ ಕಾಯಿಲ್ ಮೇಲೆ ಜೋಳದ ರೊಟ್ಟಿಯ ಚೂರು ಬಿದ್ದರೆ ಬರುವ ವಾಸನೆಯೇ ಬೇರೆ. ಕಟ್ಟಿಗೆ ಒಲೆಯಲ್ಲಿ ರೊಟ್ಟಿ ಸೀದ ವಾಸನೆಯಂತಲ್ಲ ಅದು. ಬಿಸಿ ಲೋಹ, ಸುಟ್ಟ ಧೂಳು ಎಲ್ಲ ಅದರಲ್ಲಿ ಸೇರಿರುತ್ತದೆ. ಯಾದಗಿರಿಯ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ರೊಟ್ಟಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಏನೂ ಕೆಲಸವಿಲ್ಲ. ರಾಮಸಮುದ್ರದಿಂದ ಬೆಳಿಗ್ಗೆ ಬಸ್ಸಿಗೆ ಓಡಿಬರುವ ಒಬ್ಬ ಹುಡುಗಿ, ನಾನು ಬೆನ್ನು ತಿರುಗಿಸಿದ್ದನ್ನು ನೋಡಿ, ಬುತ್ತಿ ಬಿಚ್ಚಿ ಕಟಕ ರೊಟ್ಟಿ ಮುರಿದು ಬಾಯಿಗಿಟ್ಟಿದ್ದಳು. ಒಂದು ಚೂರು ಹಾರಿ, ಮೇಜಿನ ಮೇಲೆ ಕೆಂಪಗೆ ಕಾಯುತ್ತಿದ್ದ ಸುರುಳಿ ತಂತಿಯ ಮೇಲೆ ಬಿತ್ತು.

ಬೈಯಬೇಕೆಂದೇ ತಿರುಗಿದೆ. ನನ್ನ ಬೈಗುಳ ನಾಲಿಗೆ ತುದಿಯಲ್ಲೇ ಇರುತ್ತದೆ, ಅದು ಕಾಲೇಜಿಗೆಲ್ಲ ಗೊತ್ತು. ಅಷ್ಟರಲ್ಲಿ ಅವಳು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಕೇಳಿದಳು: "ಮೇಡಮ್, ವೋಲ್ಟೇಜ್ ಎರಡ್ನೂರಾ ಮೂವತ್ತಂತ ಬರ್ಕೊಳ್ಳೇನ್ರಿ? ಪುಸ್ತಕದಾಗ ಹಂಗೇ ಅದ."

ಆ ವಾಸನೆಯೂ ಆ ಮಾತೂ ಒಟ್ಟಿಗೇ ಬಂದವು. ನಾನು ಸ್ಟೂಲ್ ಎಳೆದುಕೊಂಡು ಕುಳಿತುಬಿಟ್ಟೆ. ಮಕ್ಕಳು ಮೇಡಮ್‌ಗೆ ಬಿ.ಪಿ. ಇರಬೇಕು ಎಂದುಕೊಂಡವು. ನನಗೆ ಕಾಕಿ ನೆನಪಾಗಿದ್ದಳು...

ನಮ್ಮ ಊರು ಕೊಂಕಲ್. ಅಪ್ಪನಿಗೆ ಕಾಲುವೆ ಕೆಲಸದ ಸ್ಟೋರಿನಲ್ಲಿ ಕ್ಲಾರ್ಕ್ ನೌಕರಿ ಸಿಕ್ಕ ಮೇಲೆ ಶಹಾಪುರದ ಕಡೆಯ ಒಂದು ಕ್ಯಾಂಪಿಗೆ ಬಂದಿದ್ದೆವು. ಕೃಷ್ಣೆಯ ನೀರು ಬರುತ್ತದೆಂದು ಎರೆ ಹೊಲಗಳನ್ನು ಸೀಳಿ ಕಾಲುವೆ ತೋಡುತ್ತಿದ್ದ ಕಾಲ ಅದು. ಎತ್ತ ನೋಡಿದರೂ ಟಿಪ್ಪರುಗಳು, ಸಿಮೆಂಟ್ ಚೀಲಗಳು, ಊರೂರಿನ ಮಂದಿ. ಕ್ಯಾಂಪಿನ ಕ್ವಾರ್ಟರ್ಸುಗಳು ತಗಡು ಹೊದ್ದು, ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತಿದ್ದವು. ಗೋಡೆ ಎಂಬುದು ಹೆಸರಿಗೆ ಮಾತ್ರ. ಆ ಮನೆಯಲ್ಲಿ ಆಕಳಿಸಿದರೆ ಈ ಮನೆಯಲ್ಲಿ ಕೇಳುತ್ತಿತ್ತು. ನಮ್ಮ ಗೋಡೆಯ ಆಚೆಗೆ ಕಾಕಿಯ ಖಾನಾವಳಿ ಇತ್ತು.

ಕಾಕಿ ನಮಗೆ ಬಳಗವಲ್ಲ. ಊಟಕ್ಕೆ ಬರುವ ಡ್ರೈವರುಗಳು, ಗಾರೆ ಕೆಲಸದ ಗೌಂಡಿಗಳು ಹಾಗೆ ಕರೆಯುತ್ತಿದ್ದರು, ನಾವೂ ಕರೆದೆವು. ಸುರಪುರದ ಕಡೆಯವಳು. ಗಂಡ ಗೌಂಡಿ, ಕಾಲುವೆ ಕೆಲಸಕ್ಕೆಂದೇ ಅವಳನ್ನು ಇಲ್ಲಿಗೆ ಕರೆತಂದವನು, ಕಾಲುವೆಗೆ ನೀರು ಬರುವ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅವಳು ಅಳುತ್ತ ಕೂಡುವವಳೂ ಅಲ್ಲ, ಮೆತ್ತಗಿನ ಹೆಂಗಸೂ ಅಲ್ಲ. ಒಂದು ಮಾತಿಗೆ ನಾಲ್ಕು ಮಾತು ಅವಳದು. ಸಾರು ನೀರಾಗಿದೆ ಎಂದು ಮೂಗು ಮುರಿದ ಡ್ರೈವರನಿಗೆ, "ಕಾಲುವಿಗೆ ಬರದ ನೀರು ನನ್ನ ಸಾರಿಗ್ಯರ ಬಂದದಲ್ಲಪ್ಪ, ಕುಡಿ," ಎಂದಿದ್ದಳು. ಅವನು ಕುಡಿದ, ಮರುದಿನವೂ ಬಂದ. ಅವಳ ಪುಂಡಿ ಪಲ್ಯ ಬಿಟ್ಟು ಹೋಗುವ ಧೈರ್ಯ ಯಾರಿಗಿತ್ತು?

ಅವಳಿಗೆ ಒಂದೇ ಒಂದು ಕೊರತೆ ಇತ್ತು. ದಮ್ಮು. ನಮ್ಮ ಎರೆ ಸೀಮೆಯಲ್ಲಿ ಗಿಡಮರ ಕಡಿಮೆ, ಉರುವಲೆಂದರೆ ಹತ್ತಿ ಕಟ್ಟಿಗೆ ಮತ್ತು ಕುಳ್ಳು. ವರ್ಷಗಟ್ಟಲೆ ಆ ಹೊಗೆಯಲ್ಲಿ ರೊಟ್ಟಿ ಬಡಿದು ಎದೆ ಕೆಟ್ಟಿತ್ತು. ಹೊಗೆ ನೀ ಬಿಡದಿದ್ದರೆ ಹೊಗೆಯೂ ನಿನ್ನನ್ನು ಬಿಡುವುದಿಲ್ಲ ಎಂದು ಶಹಾಪುರದ ದವಾಖಾನೆಯಲ್ಲಿ ಹೇಳಿದ್ದರಂತೆ. ಅವಳು ಯಾದಗಿರಿಗೆ ಹೋಗಿ ದೊಡ್ಡದೊಂದು ಕರೆಂಟ್ ಒಲೆ ತಂದಳು. ಮಣ್ಣಿನ ಬಿಲ್ಲೆ, ಅದರಲ್ಲಿ ಕೊರೆದ ಕಾಲುವೆಯಂಥ ಗೆರೆ, ಆ ಗೆರೆಯೊಳಗೆ ಸುರುಳಿ ತಂತಿ. ಕ್ಯಾಂಪಿನ ಮನೆಗಳಿಗೆ ಮೀಟರ್ ಇರಲಿಲ್ಲ. ಕರೆಂಟಿಗೆಂದು ಪಗಾರದಲ್ಲಿ ಏನೋ ಒಂದಿಷ್ಟು ಹಿಡಿಯುತ್ತಿದ್ದರು, ಕಾಕಿ ಆಫೀಸಿಗೆ ಹೋಗಿ ಕಟ್ಟಿ ಬರುತ್ತಿದ್ದಳು. ಹಾಗಾಗಿ ಎಲ್ಲರ ಮನೆಯಲ್ಲೂ ಸಣ್ಣದೋ ದೊಡ್ಡದೋ ಒಂದು ಕರೆಂಟ್ ಒಲೆ ಇತ್ತು. ನಮ್ಮ ಮನೆಯಲ್ಲೂ ಇತ್ತು, ಇದನ್ನು ನೆನಪಿಡಿ. ಒಲೆ ಬಂದ ಮೇಲೆ ಕಾಕಿಯ ಕೆಮ್ಮು ನಿಂತಿತು. ಗೋಡೆಯಾಚೆಯಿಂದ ನಮಗೆ ಕೇಳುತ್ತಿದ್ದದ್ದು ರೊಟ್ಟಿ ಬಡಿಯುವ ಸಪ್ಪಳ ಮಾತ್ರ.

ಹಂಚು ಕಾದಿದೆಯೋ ಇಲ್ಲವೋ ಎಂದು ನೋಡಲು ನಮ್ಮ ಕಡೆ ಮೊದಲು ಒಂದು ಸಣ್ಣ ರೊಟ್ಟಿ ಹಾಕುತ್ತಾರೆ. ಹಸಿಬಿಸಿಯಾದರೆ ಅದು ನಾಯಿಗೆ. ಕಾಕಿ ಅದನ್ನು ನನಗೆ ಕೊಡುತ್ತಿದ್ದಳು. ಸಂಜೆ ಇಕ್ಕಳದಿಂದ ಗೋಡೆ ಬಡಿಯುತ್ತಿದ್ದಳು, ಟಕ್ ಟಕ್. ಪುಸ್ತಕ ಮಗುಚಿಟ್ಟು ನಾನು ಓಡುತ್ತಿದ್ದೆ. ರೊಟ್ಟಿ ಮುರಿದು, ಹಿಂಡಿ ಚಟ್ನಿ ಹಚ್ಚಿ, ಕೈಗಿಟ್ಟು ಕೇಳುತ್ತಿದ್ದಳು: "ಬೆಂದದೇನು ನೋಡು ಬೇ. ನೀನೇ ನನ್ನ ಮೀಟರ್."

ಬೆಳಗಿನ ರೊಟ್ಟಿ ಬೇಗ ಬೇಯುತ್ತಿತ್ತಂತೆ. ಸಂಜೆಯದು ಬೇಯುತ್ತಿರಲಿಲ್ಲ. ತಂತಿ ಮಂಕಾಗಿ, ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು, ಅಷ್ಟೇ. ನಾನು ಹಂಚಿನ ಮುಂದೆ ಕುಳಿತು ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದೆ. "ನಡುವ ಹಸಿ ಅದ ಕಾಕಿ," ಎನ್ನುತ್ತಿದ್ದೆ. ಅವಳು ಅದನ್ನು ತಿರುಗಿ ಹಂಚಿಗೆ ಹಾಕುತ್ತಿದ್ದಳು. ಎಷ್ಟೋ ಸಂಜೆ ಹೀಗೇ ಕಳೆದವು.

ಆ ಬೇಸಿಗೆಯಲ್ಲಿ ಕ್ಯಾಂಪಿನ ಲೈಟು ತೀರಾ ಕೆಟ್ಟವು. ಕತ್ತಲಾಗುವ ಹೊತ್ತಿಗೆ ಬಲ್ಬುಗಳು ಕೆಂಡದ ಹಾಗೆ ಮಿಣಿಮಿಣಿ ಎನ್ನುತ್ತಿದ್ದವು. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾಗಿತ್ತು. ಟಿ.ವಿ. ಇದ್ದದ್ದು ಸಾಹೇಬರ ಮನೆಯಲ್ಲಿ ಮಾತ್ರ. ಸಾಹೇಬರೆಂದರೆ ನಮ್ಮ ಕ್ಯಾಂಪಿನ ಆಫೀಸರು. ಭಾನುವಾರದ ಸಿನಿಮಾಕ್ಕೆ ನಾವೆಲ್ಲ ಅಲ್ಲಿ ನೆಲಕ್ಕೆ ಕುಳಿತಿರುತ್ತಿದ್ದೆವು. ಟಿ.ವಿ. ಪಕ್ಕದಲ್ಲಿ ಒಂದು ಸ್ಟೆಬಿಲೈಜರ್ ಪೆಟ್ಟಿಗೆ, ಅದರ ಮುಖದ ಮೇಲೆ ಬರುವ ವೋಲ್ಟೇಜು ತೋರಿಸುವ ಒಂದು ಮುಳ್ಳು. ಮುಳ್ಳು ನೂರಾ ನಲವತ್ತರ ಹತ್ತಿರ ತೂಗುತ್ತಿತ್ತು. ಅದಕ್ಕಿಂತ ಕೆಳಗಿಳಿದರೆ ಟಿಕ್ ಎಂದು ಟಿ.ವಿ. ಬಂದ್. ಸಿನಿಮಾಕ್ಕಿಂತ ಹೆಚ್ಚು ನಾವು ಆ ಮುಳ್ಳನ್ನೇ ನೋಡಿದ್ದೇವೆ. ಇಳೀಬ್ಯಾಡೋ ಇಳೀಬ್ಯಾಡೋ ಎಂದು ಅದಕ್ಕೆ ಕೈ ಮುಗಿಯುತ್ತಿದ್ದೆವು.

ಒಂದು ಭಾನುವಾರ ಸಿನಿಮಾ ನಡುವೆಯೇ ಮುಳ್ಳು ಇಳಿಯಿತು, ಟಿ.ವಿ. ಆರಿತು. ಯಾರೋ ಅಂದರು, ಇದೆಲ್ಲ ಖಾನಾವಳಿ ಒಲೆಯ ಕರಾಮತ್ತು ಎಂದು. ಯಾರು ಅಂದರೋ ಈಗ ನೆನಪಿಲ್ಲ. ಮಾತು ಮಾತ್ರ ಹತ್ತಿ ಕಟ್ಟಿಗೆಗೆ ಬೆಂಕಿ ಬಿದ್ದಂತೆ ಹಬ್ಬಿತು. ಮುಂದಿನ ವಾರದೊಳಗೆ ಕ್ಯಾಂಪಿನ ಅರ್ಧ ಮಂದಿ ಸಾಹೇಬರ ಮುಂದೆ ನಿಂತಿದ್ದರು. ನೋಡೇಬಿಡೋಣ ಎಂದು ಸಾಹೇಬರು ಭಾನುವಾರ ಸಂಜೆ ಲೈನ್‌ಮ್ಯಾನನನ್ನು ಕರೆದುಕೊಂಡು ಖಾನಾವಳಿಗೆ ಬಂದರು. ಈ ಸುದ್ದಿ ಮಧ್ಯಾಹ್ನವೇ ತಿಳಿದಿತ್ತು. ನಮ್ಮವ್ವ ನಮ್ಮ ಒಲೆಯನ್ನು ಮಂಚದ ಕೆಳಗೆ ತಳ್ಳಿ, ಮೇಲೆ ಗೋಣಿಚೀಲ ಹೊಚ್ಚಿದ್ದಳು. ಆ ಸಾಲಿನಲ್ಲಿ ಯಾವ ಮನೆಯ ಒಲೆಯೂ ಆ ಸಂಜೆ ಹೊರಗಿರಲಿಲ್ಲ. ಕಾಕಿಯ ಒಲೆಯೊಂದೇ ಇದ್ದ ಜಾಗದಲ್ಲಿತ್ತು, ಅದರ ಮೇಲೆ ಹಂಚೂ ಇತ್ತು.

ಲೈನ್‌ಮ್ಯಾನ್ ಇಕ್ಕಳದಂಥ ಒಂದು ಮೀಟರ್ ತಂದಿದ್ದ. ಒಲೆಗೆ ಹೋಗುವ ವೈರನ್ನು ಅದರ ಬಾಯಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡಿ, "ಆರು ಆಂಪಿಯರ್ ರೀ ಸಾಹೇಬ್ರ," ಎಂದ.

ಆರು ಎಂದರೆ ಎಷ್ಟು, ಹೆಚ್ಚೋ ಕಡಿಮೆಯೋ, ನೆರೆದವರಿಗೆ ತಿಳಿಯಲಿಲ್ಲ. ಸಾಹೇಬರು ಕಟ್ಟಡದ ಇಂಜಿನಿಯರು, ಕರೆಂಟಿನ ಮಾತು ಬಂದರೆ ಲೈನ್‌ಮ್ಯಾನನ ಮುಖ ನೋಡುವವರು. ಲೈನ್‌ಮ್ಯಾನ್ ಕಂಬ ಹತ್ತುವವನು, ಲೆಕ್ಕ ಹಾಕುವವನಲ್ಲ. ಆಗ ಅಪ್ಪ ಮುಂದೆ ಬಂದರು. "ನಮ್ಮ ಹುಡುಗಿ ಸೈನ್ಸ್ ಓದಾಕತ್ತಾಳ್ರೀ. ಈ ಲೆಕ್ಕ ಆಕಿಗಿ ಬರ್ತದ."

ನನಗೆ ಬರುತ್ತಿತ್ತು. ಅದೇ ತಿಂಗಳು ಶಾಲೆಯಲ್ಲಿ ಪಾಠ ಆಗಿತ್ತು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್, ಭಾಗಿಸಿದರೆ ರೋಧ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಬಾಗಿಲ ಪಕ್ಕ ಕಾಕಿಯ ಕರಿ ಹಲಗೆ ತೂಗುತ್ತಿತ್ತು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ದಿನಾ ಅವಳು ಹೇಳಿದ ಊಟದ ಹೆಸರನ್ನು ಅದರ ಮೇಲೆ ಬರೆದುಕೊಡುತ್ತಿದ್ದವಳು ನಾನೇ. ಆ ಸಂಜೆಯೂ ಅಲ್ಲಿ ನನ್ನ ಅಕ್ಷರದಲ್ಲಿ ರೊಟ್ಟಿ, ಪುಂಡಿ ಪಲ್ಯ, ಝುಣಕ ಎಂದಿತ್ತು. ನಾನು ಅದನ್ನು ಅಂಗೈಯಿಂದ ಒರೆಸಿದೆ.

ಸುಣ್ಣದ ಬಳಪ ಹಿಡಿದು ಬರೆದೆ. ಎರಡು ನೂರಾ ಮೂವತ್ತು ಗುಣಿಲೆ ಆರು, ಒಂದು ಸಾವಿರದ ಮುನ್ನೂರಾ ಎಂಬತ್ತು ವಾಟ್. ಅರವತ್ತರ ಬಲ್ಬಿಗೆ ಹೋಲಿಸಿದರೆ ಇಪ್ಪತ್ಮೂರು ಬಲ್ಬು. ಶೇಷ ಉಳಿಯಲಿಲ್ಲ, ಅದರಿಂದ ನನಗೆ ಇನ್ನಷ್ಟು ಖುಷಿಯಾಯಿತು. ಯಾರೂ ಕೇಳದಿದ್ದರೂ ಕೆಳಗೆ ರೋಧವನ್ನೂ ಕಂಡುಹಿಡಿದು, ಮೂವತ್ತೆಂಟು ಓಮ್ ಚಿಲ್ಲರೆ ಎಂದು ಬರೆದು ಗೆರೆ ಎಳೆದೆ. ಇಪ್ಪತ್ಮೂರು ಬಲ್ಬು ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು. ನಮ್ಮ ಸಾಲಿನ ಬಲ್ಬುಗಳನ್ನೆಲ್ಲ ಒಬ್ಬಳೇ ನುಂಗುತ್ತಿದ್ದಾಳೆ ಎಂದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ಅಪ್ಪನ ಮುಖ ನೋಡಬೇಕಿತ್ತು ಆಗ.

ಕಾಕಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಅವಳಿಗೆ ಹೆದರಿಕೆಯಾಗಿರಲಿಲ್ಲ, ಸಿಟ್ಟು ಬಂದಿತ್ತು.

"ಸಾಹೇಬ್ರ, ಕಾಲುವಿ ಕಡೀ ಹೊಲಕ್ಕ ನೀರು ಬರವಲ್ದು ಅಂದ್ರ, ಆ ನೀರು ಕಡೀ ಹೊಲದಾಂವ ಕುಡದಾನೇನ್ರಿ? ನಮ್ಮ ಕ್ಯಾಂಪು ಲೈನಿನ ಕಡೀಗಿ ಅದ. ಬರೂದೇ ಸ್ವಲ್ಪ. ಹುತ್ತ ಬಡದ್ರ ಹಾವು ಸಾಯ್ತದೇನು?"

ಕೆಲವರು ನಕ್ಕರು. ಸಾಹೇಬರೂ ನಕ್ಕರು, ಕೆಟ್ಟ ನಗೆಯೇನಲ್ಲ. "ಲೆಕ್ಕ ಕಣ್ಣ ಮುಂದ ಅದಲ್ಲವ್ವ," ಎಂದರು.

ಆಗ ಅವಳು ನನ್ನ ಕಡೆ ತಿರುಗಿದಳು. ದನಿ ಇಳಿಯಿತು. "ನೀ ಹೇಳು ಬೇ. ದಿನಾ ಸಂಜಿಮುಂದ ಮೊದಲ ರೊಟ್ಟಿ ತಿನ್ನಾಕಿ ನೀನು. ಬೇಯ್ತದೇನು? ಇಪ್ಪತ್ಮೂರು ಬಲ್ಬಿನ ಬೆಂಕಿ ಇದ್ರ ಬೇಯಬೇಕಿಲ್ಲೋ?"

ಎಲ್ಲರೂ ನನ್ನನ್ನು ನೋಡಿದರು. ನಾನು ಹಲಗೆ ನೋಡಿದೆ. "ಲೆಕ್ಕ ಬರೋಬ್ಬರಿ ಅದ ಕಾಕಿ," ಎಂದೆ.

ಅಷ್ಟೇ ನಾನು ಆಡಿದ್ದು. ಅದರಲ್ಲಿ ಸುಳ್ಳಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗುಣಾಕಾರ ಸರಿಯಿತ್ತು, ಭಾಗಾಕಾರ ಸರಿಯಿತ್ತು. ಆದರೆ ಅವಳು ಕೇಳಿದ್ದು ರೊಟ್ಟಿಯ ಮಾತು. ನಾನು ಉತ್ತರ ಕೊಟ್ಟದ್ದು ಹಲಗೆಯ ಮಾತು.

ಲೈನ್‌ಮ್ಯಾನ್ ಅಲ್ಲಿಯೇ ಒಲೆಯ ದಪ್ಪ ವೈರು ಕಿತ್ತ. ಖಾನಾವಳಿಗೆ ಇನ್ನು ಮೇಲೆ ಬಲ್ಬಿಗಷ್ಟೇ ಕರೆಂಟ್ ಎಂದಾಯಿತು. ಮಂದಿ ಚದುರಿದರು. ನಾವು ಹುಡುಗರು ಸಿನಿಮಾಕ್ಕೆಂದು ಸಾಹೇಬರ ಮನೆಗೆ ಓಡಿದೆವು. ಈಗ ಬಲ್ಬು ಹಾಲಿನಂತೆ ಬೆಳಗುತ್ತವೆ ಎಂದು ಎಲ್ಲರೂ ಕತ್ತೆತ್ತಿ ಕಾದೆವು. ಬಲ್ಬು ಮೊದಲಿನಂತೆಯೇ ಕೆಂಪಗಿತ್ತು. ಸ್ಟೆಬಿಲೈಜರಿನ ಮುಳ್ಳು ನೂರಾ ನಲವತ್ತರ ಹತ್ತಿರವೇ ತೂಗುತ್ತಿತ್ತು. ಕಾಕಿಯ ಒಲೆ ಆರಿದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ.

ಲೆಕ್ಕ ಎಲ್ಲಿ ತಪ್ಪಿತು ಎಂಬುದು ಆಗ ಹೊಳೆಯಲಿಲ್ಲ. ತಪ್ಪಿದೆ ಎಂಬುದು ಮಾತ್ರ ಗಟ್ಟಿಯಾಗಿ ತಿಳಿಯಿತು. ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಲೈಟು ಹಂಗೇ ಅದಾವ, ಕಾಕಿ ಒಲೆಯಿಂದ ಏನೂ ಆಗಿರಲಿಲ್ಲ ಎಂದು. ಅಪ್ಪ ಕೆಟ್ಟವರಲ್ಲ. ಬೀಡಿ ಹಚ್ಚಿಕೊಂಡು, "ಆಗಿದ್ದು ಆತು ಬಿಡು. ಈಗ ಹೋಗಿ ತಪ್ಪಾತು ಅಂದ್ರ, ಎಲ್ಲಾರ ಮನಿ ಒಲಿ ಅಳೀರಿ ಅಂತ ಮಾತು ಬರ್ತದ," ಎಂದರು. ಅವ್ವ ಮಂಚದ ಕೆಳಗಿನಿಂದ ನಮ್ಮ ಒಲೆ ಹೊರಗೆಳೆದು ಚಹಾಕ್ಕೆ ನೀರಿಟ್ಟಳು. ನಾನು ಆ ಚಹಾ ಕುಡಿದೆ.

ಮರುದಿನದಿಂದ ಗೋಡೆಯಾಚೆ ಹತ್ತಿ ಕಟ್ಟಿಗೆ ಮುರಿಯುವ ಸಪ್ಪಳ ಶುರುವಾಯಿತು. ತಗಡಿನ ಸಂದಿನಿಂದ ಹೊಗೆ ನಮ್ಮ ಮನೆಗೂ ಬಂತು. ಹೊಗೆಯ ಹಿಂದೆ ಕೆಮ್ಮು ಬಂತು. ಮೊದಮೊದಲು ಒಣ ಕೆಮ್ಮು. ಆಮೇಲೆ ಎದೆಯ ತಳದಿಂದ ಎಳೆದೆಳೆದು ಬರುವ, ನಡುವೆ ಉಸಿರಿಗೆ ಜಾಗವೇ ಇಲ್ಲದ ಕೆಮ್ಮು. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಪರೀಕ್ಷೆಗೆ ಓದಿದೆ. ಹೇಗೆ ಓದಿದೆನೋ ನನಗೆ ಗೊತ್ತಿಲ್ಲ. ಓದಿದ್ದು ಮಾತ್ರ ಖರೆ, ಅಂಕಗಳೂ ಚೆನ್ನಾಗಿ ಬಂದವು.

ಇಷ್ಟೇ ಆಗಿದ್ದರೆ ಹೇಗೋ ತಾಳಿಕೊಳ್ಳಬಹುದಿತ್ತು. ಒಲೆ ಕಿತ್ತ ಮರುದಿನ ಸಂಜೆಯೂ ಕಾಕಿ ಗೋಡೆ ಬಡಿದಳು. ಟಕ್ ಟಕ್. ನಾನು ಪುಸ್ತಕದ ಮುಂದೆ ಕುಳಿತಿದ್ದೆ. ಏಳಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಅದರ ಮರುದಿನವೂ ಬಡಿದಳು. ಕೆಲವು ದಿನ ಹಾಗೇ ನಡೆಯಿತು. ಅವಳು ಬಡಿಯುವುದು, ನಾನು ಉಸಿರು ಬಿಗಿಹಿಡಿದು ಮನೆಯಲ್ಲಿ ಇಲ್ಲದವಳಂತೆ ಕೂಡುವುದು... ಬೈಯಲು ಕರೆಯುತ್ತಿದ್ದಾಳೆ ಎಂದು ಒಮ್ಮೆ ಅನಿಸುತ್ತಿತ್ತು. ರೊಟ್ಟಿಗೆ ಕರೆಯುತ್ತಿದ್ದಾಳೆ ಎಂದು ಮತ್ತೊಮ್ಮೆ ಅನಿಸುತ್ತಿತ್ತು. ಎರಡನೆಯದಕ್ಕೇ ನನಗೆ ಹೆಚ್ಚು ಅಂಜಿಕೆ. ಒಂದು ಸಂಜೆ ಗೋಡೆ ಸುಮ್ಮನಾಯಿತು. ಕರಿ ಹಲಗೆಯೂ ಬಾಗಿಲಿನಿಂದ ಒಳಗೆ ಹೋಯಿತು. ಊಟದ ಹೆಸರು ಬರೆಯಲು ಅವಳಿಗೆ ಬೇರೆ ಯಾರೂ ಇರಲಿಲ್ಲ.

ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಇನ್ನೂ ಹೆಚ್ಚಾಯಿತು. ರೊಟ್ಟಿ ಬಡಿಯುವ ಸಪ್ಪಳ ನಡುನಡುವೆ ನಿಲ್ಲುತ್ತಿತ್ತು, ಕೆಮ್ಮು ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಊಟ ಸಿಗದೆ ಡ್ರೈವರುಗಳು ಬೇರೆ ಕಡೆ ಹೋದರು. ನಾನು ಕಲಬುರಗಿಯ ಕಾಲೇಜಿಗೆ ಹೊರಟ ದಿನ ಕಾಕಿ ಬಾಗಿಲಲ್ಲಿ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ನಾನು ಹೆಗಲ ಮೇಲಿನ ಟ್ರಂಕಿನ ಮರೆಯಲ್ಲಿ ಮುಖ ತಿರುಗಿಸಿ ನಡೆದೆ. ದೀಪಾವಳಿಗೆ ಬಂದಾಗ ಖಾನಾವಳಿಗೆ ಬೀಗ ಬಿದ್ದಿತ್ತು. ಅವಳ ತಮ್ಮ ಬಂದು ಸುರಪುರಕ್ಕೆ ಕರೆದುಕೊಂಡು ಹೋದ ಎಂದು ಅವ್ವ ಹೇಳಿದಳು.

ತಪ್ಪು ಎಲ್ಲಿತ್ತೆಂದು ತಿಳಿದದ್ದು ಕಾಲೇಜಿನ ಲ್ಯಾಬಿನಲ್ಲಿ. ಒಂದೇ ತಂತಿ, ಅದಕ್ಕೆ ಎರಡು ಮೀಟರು. ಒಂದು ಕರೆಂಟಿಗೆ, ಒಂದು ವೋಲ್ಟೇಜಿಗೆ. ನಮ್ಮ ಮಾಸ್ತರರು ಎರಡನ್ನೂ ಒಂದೇ ಹೊತ್ತಿಗೆ ಓದಬೇಕು ಎಂದು ಹೇಳಿ ಮುಂದೆ ಹೋದರು. ನಾನು ಪೆನ್ಸಿಲ್ ಹಿಡಿದು ಹಾಗೇ ನಿಂತೆ. ಆ ಸಂಜೆ ನಾನು ಒಂದು ಅಂಕಿಯನ್ನು ಕಾಕಿಯ ಒಲೆಯಿಂದ ತೆಗೆದುಕೊಂಡಿದ್ದೆ, ಇನ್ನೊಂದನ್ನು ಪುಸ್ತಕದಿಂದ. ಒಲೆಗೆ ಬರುತ್ತಿದ್ದದ್ದು ಎರಡು ನೂರಾ ಮೂವತ್ತು ಅಲ್ಲವೇ ಅಲ್ಲ, ನೂರಾ ನಲವತ್ತು. ನೂರಾ ನಲವತ್ತು ಗುಣಿಲೆ ಆರು ಎಂದರೆ ಎಂಟು ನೂರಾ ನಲವತ್ತು ವಾಟ್. ರೋಧ ಇಪ್ಪತ್ಮೂರು ಓಮ್ ಚಿಲ್ಲರೆ. ಪೂರ್ತಿ ವೋಲ್ಟೇಜು ಬಂದಿದ್ದರೆ ಆ ಒಲೆ ಹತ್ತಿರ ಹತ್ತಿರ ಹತ್ತು ಆಂಪಿಯರ್ ಎಳೆಯಬೇಕಿತ್ತು. ಎಳೆದದ್ದು ಆರೇ ಆರು. ಒಲೆ ಹಸಿದುಕೊಂಡಿದೆ ಎಂದು ಆ ಆರು ಎಂಬ ಅಂಕಿಯೇ ಹೇಳುತ್ತಿತ್ತು. ಕಾಕಿ ಹೇಳಿದ್ದೂ ಅದನ್ನೇ. ನನ್ನ ಬಾಯಿಗೆ ಬೀಳುತ್ತಿದ್ದ ಹಸಿ ರೊಟ್ಟಿ ಹೇಳಿದ್ದೂ ಅದನ್ನೇ.

ಒಂದು ಮಾತು ನನ್ನನ್ನು ಇಂದಿಗೂ ಕೊರೆಯುತ್ತದೆ. ನನಗೆ ನೂರಾ ನಲವತ್ತು ಗೊತ್ತಿತ್ತು. ಪ್ರತಿ ಭಾನುವಾರ ಆ ಮುಳ್ಳಿಗೆ ಕೈ ಮುಗಿದವಳು ನಾನು. ಹಲಗೆಯ ಮುಂದೆ ನಿಂತಾಗ ಅದು ಯಾಕೆ ನೆನಪಾಗಲಿಲ್ಲ? ನಿಜವಾಗಿ ಮರೆತೆನೋ, ಅಥವಾ ನೆರೆದ ಮಂದಿಗೆ ದೊಡ್ಡ ಅಂಕಿ ಬೇಕಾಗಿತ್ತೆಂದು ದೊಡ್ಡ ಅಂಕಿ ಕೊಟ್ಟೆನೋ... ಇದಕ್ಕೆ ಉತ್ತರ ಸಿಕ್ಕಿಲ್ಲ. ಸಿಗುವುದು ಬೇಡವೆಂದೂ ಅನಿಸುತ್ತದೆ.

ಡಿಗ್ರಿ ಮುಗಿದ ಮೇಲೆ ಧೈರ್ಯ ಮಾಡಿ ಸುರಪುರಕ್ಕೆ ಹೋದೆ. ಏರು ಓಣಿಯಲ್ಲಿ ತಮ್ಮನ ಮನೆ. ಕಾಕಿ ಪಡಸಾಲೆಯಲ್ಲಿ ದಿಂಬಿಗೊರಗಿ ಕುಳಿತಿದ್ದಳು. ಆ ತುಂಬಿದ ಮೈ ಎಲ್ಲಿ ಹೋಯಿತೋ. ಕಣ್ಣು ಮಾತ್ರ ಅವೇ. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದಳು, ಆದರೂ ಮಾತು ಬಿಟ್ಟಿರಲಿಲ್ಲ.

"ಯಾರಿದು, ಇಪ್ಪತ್ಮೂರು ಬಲ್ಬೇನು? ಬಾ, ಕುಂಡ್ರು."

ನಾನು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ನೂರಾ ನಲವತ್ತು, ಎಂಟು ನೂರಾ ನಲವತ್ತು, ಎಲ್ಲವನ್ನೂ ಒಪ್ಪಿಸಿದೆ. ಲೆಕ್ಕ ತಪ್ಪಿತ್ತು ಕಾಕಿ, ನಿಂದೇ ಖರೆ ಇತ್ತು ಎಂದೆ. ಅವಳು ಕೇಳಿಸಿಕೊಂಡಳು. ಮಗುವಿನ ಪಾಠ ಕೇಳುವವರಂತೆ ಕೊನೆಯವರೆಗೂ ಕೇಳಿಸಿಕೊಂಡಳು.

"ಅಯ್ಯ, ಇದನ್ನ ಹೇಳಾಕ ಇಷ್ಟು ದೂರ ಬಂದ್ಯಾ? ಇದು ನನಗ ಅವತ್ತೇ ಗೊತ್ತಿತ್ತಲ್ಲ," ಎಂದಳು. ಕೆಮ್ಮು ಬಂತು. ಅದು ಮುಗಿಯುವವರೆಗೆ ನಾನು ನೆಲ ನೋಡಿದೆ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಲೆಕ್ಕ ತಪ್ಪಿದ್ದಕ್ಕ ನನಗ ಸಿಟ್ಟಿಲ್ಲ ಬೇ. ಸಣ್ಣಾಕಿ ಇದ್ದಿ, ಮಂದಿ ಮುಂದ ನಿಂತಿದ್ದಿ. ಗ್ವಾಡಿ ಬಡದೆ ನಾನು, ನೀ ಬರಲಿಲ್ಲ. ಒಳಗ ಇದ್ದಿ ನೀನು. ಹಾಳಿ ತಿರುವೂ ಸಪ್ಪಳ ಕೇಳ್ತಿತ್ತು ನನಗ."

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ತಮ್ಮನ ಹೆಂಡತಿ ಚಹಾ ತಂದಳು. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. "ಒಲಿ ಮುಂದ ಕುಂಡ್ರಾಕ ಬಿಡಂಗಿಲ್ಲ ಈಗ ನನಗ. ಇಲ್ಲಂದ್ರ ನಿನಗೊಂದು ರೊಟ್ಟಿ ಹಾಕ್ತಿದ್ದೆ," ಎಂದಳು. ಏಳುವಾಗ ಕಾಲು ಮುಟ್ಟಿದೆ. ತಲೆಯ ಮೇಲೆ ಕೈ ಇಟ್ಟಳೋ, ಇಡಲು ಎತ್ತಿದ ಕೈ ಕೆಮ್ಮಿಗೆ ಬಾಯಿಗೆ ಹೋಯಿತೋ, ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ... ಇಟ್ಟಳು ಎಂದು ಬರೆಯಬೇಕೆನಿಸುತ್ತದೆ. ಆದರೆ ಬೇಕಾದ್ದನ್ನು ಬರೆಯುವ ಕೆಲಸ ನಾನು ಒಮ್ಮೆ ಮಾಡಿದ್ದೇನೆ.

ಮತ್ತೆ ಹೋಗುತ್ತೇನೆ ಎಂದುಕೊಂಡೆ. ನೌಕರಿ, ಮದುವೆ, ವರ್ಗಾವಣೆ ಎಂದು ಹೋಗಲಾಗಲಿಲ್ಲ. ಸುರಪುರದ ಕಡೆಯ ಒಬ್ಬರು ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಆಕಿ ಹೋಗಿ ಭಾಳ ದಿನ ಆತಲ್ರೀ, ದಮ್ಮು ತಡೀಲಿಲ್ಲ ಎಂದರು. ನನ್ನ ಬಸ್ಸು ಬಂತು. ಹತ್ತಿ ಕುಳಿತೆ. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಕಡೆಯ ಹೊಲಗಳು ಎಂದಿನಂತೆ ಒಣಗಿದ್ದವು.

ಕ್ಯಾಂಪಿನ ಆ ಸಾಲು ಈಗಿಲ್ಲ. ತಗಡು ಕಿತ್ತು ಒಯ್ದಿದ್ದಾರೆ, ಗೋಡೆ ಬಿದ್ದಿವೆ. ನಾನು ವರ್ಷಾ ವರ್ಷಾ ಮಕ್ಕಳಿಗೆ ಅದೇ ಪಾಠ ಮಾಡುತ್ತೇನೆ. ಪುಸ್ತಕದ ವೋಲ್ಟೇಜು ಬರೆದವರ ಅಂಕ ಕತ್ತರಿಸುತ್ತೇನೆ. ಮೇಡಮ್ ಭಾಳ ಕಟ್ಟುನಿಟ್ಟು ಎನ್ನುತ್ತಾರೆ. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸುತ್ತಿದ್ದೇನೆ ಎಂಬುದು ಆ ಮಕ್ಕಳಿಗೆ ಗೊತ್ತಿಲ್ಲ.

ಆ ದಿನ ಲ್ಯಾಬಿನಲ್ಲಿ ಸ್ಟೂಲ್ ಮೇಲೆ ಕುಳಿತು ಎಷ್ಟು ಹೊತ್ತಾಗಿತ್ತೋ. ರೊಟ್ಟಿಯ ಚೂರು ಕರಕಾಗಿ ಹೊಗೆ ನಿಂತಿತ್ತು. "ಮೀಟರ್ ನೋಡಿ ಬರಿ," ಎಂದಷ್ಟೇ ಹೇಳಿದ್ದೆ. ವೋಲ್ಟ್ ಮೀಟರು ಆಚೆ ಬದಿಯ ಗೋಡೆಯ ಬೋರ್ಡಿನಲ್ಲಿದೆ. ಹಳೆಯದು, ಅದರ ಮುಳ್ಳು ಆಗಾಗ ಸಿಕ್ಕಿಕೊಳ್ಳುತ್ತದೆ, ಗಾಜಿನ ಮೇಲೆ ಬೆರಳಿನಿಂದ ಬಡಿಯಬೇಕು. ರಾಮಸಮುದ್ರದ ಹುಡುಗಿ ತುದಿಗಾಲಲ್ಲಿ ನಿಂತು ಬಡಿದಳು. ಟಕ್ ಟಕ್.

"ಮೇಡಮ್, ಇದು ನೂರಾ ತೊಂಬತ್ತೇ ತೋರಸಾಕತ್ತದ್ರಿ. ಜರಾ ಬಂದು ನೋಡ್ರಿ."

ಕುಳಿತಲ್ಲಿಂದಲೇ ಉತ್ತರ ಹೇಳಬಹುದಿತ್ತು. ನನ್ನ ಮಂಡಿ ಈಗ ಮೊದಲಿನಂತಿಲ್ಲ. ಅವಳು ಮತ್ತೊಮ್ಮೆ ಬಡಿದಳು, ಟಕ್ ಟಕ್.

ಬಂದೆ ಎಂದು ಎದ್ದೆ.